ಮೆಷಿನ್ ಬಂದ ಮೇಲೆ ಮಾತು ಬಿಟ್ಟ ಕೆಳಗಿನಮನೆ

ಮಲೆನಾಡಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದಿಲ್ಲ. ಗುಡ್ಡದ ಮಗ್ಗುಲಲ್ಲೊಂದು, ತೋಟದ ತಲೆಯಲ್ಲೊಂದು. ಹಾಗಾಗಿ ಇಬ್ಬರು ಮಾತು ಬಿಟ್ಟರೆ ನಡುವೆ ಬಂದು ಕೂರಲು ಮೂರನೆಯವರೇ ಇರುವುದಿಲ್ಲ. ಇದು ತೀರ್ಥಹಳ್ಳಿ ಕಡೆಯ ಅಂಥದೊಂದು ಎರಡೇ ಮನೆಯ ಕೇರಿಯ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಎರಡೂ ಮನೆಯವರ ಒಪ್ಪಿಗೆ ಇದೆ. ಅವರನ್ನು ಮೇಲಿನಮನೆ, ಕೆಳಗಿನಮನೆ ಎಂದೇ ಕರೆಯುತ್ತೇನೆ. ಈ ಹೆಸರಿನ ಮನೆಗಳು ನಮ್ಮಲ್ಲಿ ಊರಿಗೆರಡಿವೆ.

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಮೇಲಿನಮನೆಯ ಯಜಮಾನರು. ವಯಸ್ಸು ನಲವತ್ತೈದರ ಆಸುಪಾಸು. ಬಹಳ ವರ್ಷ ಬೆಂಗಳೂರಿನಲ್ಲಿದ್ದು, ತಂದೆ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಊರಿಗೆ ಮರಳಿದವರು. ಕಳಿಸಿದ್ದು ಅವರ ಬಿಪಿ ನೋಡುವ ಡಾಕ್ಟರು. ಮಾತ್ರೆ ತಪ್ಪಿಸದಿದ್ದರೂ ಬಿಪಿ ಇಳಿಯುತ್ತಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಕಣ್ಣು ಮುಚ್ಚುವುದಿಲ್ಲ.

"ಸೌದೆ ವಿಷಯಕ್ಕೆ ಯಾರಾದ್ರೂ ಇಲ್ಲಿಗೆ ಬರ್ತಾರಾ ಹೇಳಿ," ಎಂದು ನಾಚಿಕೊಂಡೇ ಶುರು ಮಾಡಿದರು. ಬರುತ್ತಾರೆ. ಬೇಲಿಗೆ ಬರುತ್ತಾರೆ, ತೋಟದ ನೀರಿಗೆ ಬರುತ್ತಾರೆ, ಪಕ್ಕದ ಮನೆಯ ನಾಯಿಗೂ ಬರುತ್ತಾರೆ. ಗಂಡ-ಹೆಂಡತಿ ಜಗಳ ಮಾತ್ರ ಮನಸ್ಸನ್ನು ಕೆಡಿಸುತ್ತದೆ ಎಂದುಕೊಂಡವರು ಹಳ್ಳಿಯಲ್ಲಿ ಒಂದು ಮಳೆಗಾಲ ಕಳೆದು ನೋಡಬೇಕು.

ನಮ್ಮ ಕಡೆ ಅಡುಗೆಗೆ ಗ್ಯಾಸ್ ಬಂದರೂ ಬಚ್ಚಲೊಲೆಗೆ, ಅಡಿಕೆ ಬೇಯಿಸುವ ಒಲೆಗೆ ಸೌದೆಯೇ ಬೇಕು. ಅದನ್ನು ಬೇಸಿಗೆಯಲ್ಲಿ ಕೊಯ್ದು, ಒಡೆದು, ಒಣಗಿಸಿ, ರೋಹಿಣಿ ಮಳೆ ಬೀಳುವ ಮೊದಲು ಸೌದೆಮನೆಗೆ ತುಂಬಬೇಕು. ಇವರು ಊರಿಗೆ ಬಂದ ಎರಡನೇ ವರ್ಷವೇ ಒಂದು ಪೆಟ್ರೋಲ್ ಗರಗಸ ಕೊಂಡರು. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ, ಆದ್ದರಿಂದ ಕೊಂಡದ್ದು ತಪ್ಪೇನಲ್ಲ. ಆದರೆ ಆಮೇಲೆ ಕೆಳಗಿನಮನೆಯವರು ಮಾತು ಬಿಟ್ಟರು. ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರೆ. ದಾರಿ ಬದಿಗೆ ಒಟ್ಟಿದ್ದ ಅಕೇಶಿಯಾ ತುಂಡುಗಳನ್ನು ಯಾರೋ ಚರಂಡಿಗೆ ಉರುಳಿಸಿದ್ದರು. ಆ ವಾರವೇ ಫಾರೆಸ್ಟ್ ಗಾರ್ಡ್ ಮನೆ ಬಾಗಿಲಿಗೆ ಬಂದು ಯಾವ ಮರ ಕಡಿದಿರಿ ಎಂದು ವಿಚಾರಿಸಿ ಹೋದ. "ಫೋನ್ ಮಾಡಿದ್ದು ಆ ಮನುಷ್ಯನೇ. ಬೇರೆ ಯಾರಿದಾರೆ ಅಲ್ಲಿ?"

ಒಂದು ಹಾಳೆಯ ನಡುವೆ ಗೆರೆ ಎಳೆದು ಕೊಟ್ಟೆ. ಕಣ್ಣಾರೆ ಕಂಡದ್ದು ಎಡಗಡೆ, ಹೀಗಿರಬೇಕು ಅಂದುಕೊಂಡದ್ದು ಬಲಗಡೆ ಎಂದೆ. ಬಲಗಡೆ ತುಂಬಿಹೋಯಿತು. ಎಡಗಡೆ ಉಳಿದದ್ದು ಎರಡೇ ಸಾಲು: ಅವರು ಮಾತಾಡುವುದಿಲ್ಲ, ಸೌದೆ ಚರಂಡಿಯಲ್ಲಿತ್ತು. ಗಾರ್ಡ್‌ಗೆ ಫೋನ್ ಮಾಡಿದವರು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಗುಡ್ಡದಲ್ಲಿ ಗರಗಸದ ಸದ್ದು ಎರಡು ಮೈಲಿಗೆ ಕೇಳುತ್ತದೆ, ಗಾರ್ಡ್‌ಗೂ ಕಿವಿ ಇದೆ.

ಅವರ ತಂದೆಯ ಕಾಲದಲ್ಲಿ ಸೌದೆ ಕೆಲಸ ಯಾರು ಮಾಡುತ್ತಿದ್ದರು ಎಂದು ಕೇಳಿದೆ. ಅದುವರೆಗೆ ಬಿಗಿದುಕೊಂಡಿದ್ದವರು ಸಡಿಲವಾದದ್ದು ಆಗಲೇ. ಅವರ ಅಪ್ಪ ಮತ್ತು ಕೆಳಗಿನಮನೆಯವರು ಕೂಡಿಯೇ ಮಾಡುತ್ತಿದ್ದರಂತೆ. ಉದ್ದ ಗರಗಸದ ಆ ತುದಿ ಇವರು, ಈ ತುದಿ ಅವರು. ನಾಲ್ಕು ದಿನ ಇಲ್ಲಿ, ನಾಲ್ಕು ದಿನ ಅಲ್ಲಿ. ಮುಯ್ಯಾಳು. ಕೂಲಿ ಇಲ್ಲ, ಲೆಕ್ಕ ಬರೆಯುವುದಿಲ್ಲ. ಕೆಲಸ ನಡೆದ ಮನೆಯಲ್ಲಿ ಮಧ್ಯಾಹ್ನದ ಊಟ, ಸಂಜೆ ಒಲೆಗೆ ಬೇಕಾದ ಚಕ್ಕೆ-ಸಿಬಿರು ಒಂದು ಹೊರೆ.

"ಮೆಷಿನ್ ತಂದ ವರ್ಷ ಅವರು ಬಂದಿದ್ರಾ?"

"ಬಂದಿದ್ರು. ಹೆಗಲ ಮೇಲೆ ಕೊಡಲಿ ಇಟ್ಕೊಂಡು ಬೆಳಿಗ್ಗೆನೇ ಬಂದ್ರು. ಆ ವಯಸ್ಸಲ್ಲಿ ಯಾಕೆ ಕಷ್ಟ ಅಂತ, ಬೇಡಿ ಚಿಕ್ಕಯ್ಯ, ಮೆಷಿನ್ ಇದೆಯಲ್ಲ ಅಂದೆ. ಆದ್ರೂ ಒಂದಿಷ್ಟು ಒಡೆದ್ರು. ಸುಮ್ನೆ ಕಳಿಸಬಾರದಲ್ಲ, ಐನೂರು ರೂಪಾಯಿ ಕೈಗಿಟ್ಟೆ. ತಗೊಳ್ಳಲಿಲ್ಲ. ಜೋಬಿಗೆ ತುರುಕಿದೆ."

ತಾವು ಎಷ್ಟು ಒಳ್ಳೆಯವರಾಗಿ ನಡೆದುಕೊಂಡೆವು ಎಂಬುದಕ್ಕೆ ಸಾಕ್ಷಿಯಾಗಿ ಅವರು ಇದನ್ನು ಹೇಳಿದ್ದರು.

ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದೆ. ಆಕೆ ಬಂದು ಕೂತ ಹತ್ತು ನಿಮಿಷಕ್ಕೆ ಗಂಡ ಬೆಪ್ಪಾಗಿದ್ದರು. ಗಂಡಸರು ಮಾತು ಬಿಟ್ಟಿದ್ದ ಅಷ್ಟೂ ಕಾಲ ಹೆಂಗಸರ ಮಾತು ನಿಂತೇ ಇರಲಿಲ್ಲ! ಹಿತ್ತಿಲ ದಣಪೆ ದಾಟಿ ಮಜ್ಜಿಗೆ ಹೋಗುತ್ತಿತ್ತು, ಕೆಸುವಿನ ಸೊಪ್ಪು ಬರುತ್ತಿತ್ತು. ಕೆಳಗಿನಮನೆಯ ದೂರೇನು ಎಂಬುದು ಆಕೆಗೆ ಬಾಯಿಪಾಠ. "ಹೇಳಿದ್ರೆ ಇವರಿಗೆ ಸಿಟ್ಟು ಬರ್ತದೆ, ಅದಕ್ಕೆ ಹೇಳ್ಲಿಲ್ಲ."

ಕೆಳಗಿನಮನೆಯ ಮಗಳಿಗೆ ದ್ವಿತೀಯ ಪಿಯುಸಿ. ಪರೀಕ್ಷೆ ಹತ್ತಿರವಾಗುವುದಕ್ಕೂ ಸೌದೆ ಕೊಯ್ಯುವ ಕಾಲಕ್ಕೂ ಸರಿಹೋಗಿ, ಭಾನುವಾರ ಆರೂವರೆಗೇ ಗರಗಸ ಶುರು. ಗೆಲ್ಲು-ತರಗೆಲೆಯ ರಾಶಿ ಬಿದ್ದದ್ದು ಅವರ ದನ ಓಡಾಡುವ ದಾರಿಯಲ್ಲಿ. ಆ ಮನೆಯ ಹತ್ತಿರದ ನೆಂಟರೊಬ್ಬರಿಗೆ ಮಂಗನ ಕಾಯಿಲೆ ಬಂದು ಸಾವಿನ ಬಾಯಿಂದ ಉಳಿದಿದ್ದರು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಈ ಕಾಯಿಲೆಗೆ ಬೇಸಿಗೆಯೇ ಕಾಲ. ಹರಡುವುದು ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ. ತರಗೆಲೆ, ಸೌದೆ, ದನದ ಮೈ, ಎಲ್ಲದರ ಜೊತೆ ಅದು ಮನೆ ಹತ್ತಿರ ಬರುತ್ತದೆಂಬ ಭಯ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಕಲಿಸಿಕೊಡಬೇಕಿಲ್ಲ. ಚರಂಡಿಗೆ ಬಿದ್ದ ಸೌದೆಯ ಕತೆಯೂ ಗೊತ್ತಾಯಿತು. ಹಾಲಿನ ಗಾಡಿ ತಿರುಗಿಸಲು ಜಾಗವಿಲ್ಲದೆ ಅದರ ಡ್ರೈವರೇ ಉರುಳಿಸಿದ್ದ.

ಆ ಐನೂರರ ನೋಟು ಕೆಳಗಿನಮನೆಯವರ ದೇವರ ಗೂಡಿನಲ್ಲಿ ಹಾಗೇ ಇದೆಯಂತೆ. "ಅವರಪ್ಪನ ಜೊತೆ ಮೂವತ್ತು ವರ್ಷ ಗರಗಸ ಎಳೆದವನಿಗೆ ಇವನು ಕೂಲಿ ಕೊಟ್ಟ" ಎಂದು ಒಂದೇ ಸಲ ಅಂದಿದ್ದರಂತೆ, ಮತ್ತೆ ಆಡಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿದೆ. ಸದ್ದು, ಕಸ, ದಾರಿ ಇವೆಲ್ಲ ನಿಜವಾದ ತೊಂದರೆಗಳೇ, ಸರಿಪಡಿಸಲೇಬೇಕು. ಆದರೆ ಮಾತು ನಿಂತದ್ದು ಅವುಗಳಿಂದಲ್ಲ. ನಿಮ್ಮ ಹಂಗು ನನಗೆ ಬೇಡ ಎಂದು ನೀವು ಹೇಳಿದ ಹಾಗಾಯಿತು, ನೀವು ಹಾಗೆ ಹೇಳಲಿಲ್ಲವಾದರೂ. ಪಟ್ಟಣದಲ್ಲಿ ಯಾರ ಹಂಗೂ ಇಲ್ಲದೆ ಬದುಕುವುದು ಮರ್ಯಾದೆ. ಎರಡೇ ಮನೆಯ ಕೇರಿಯಲ್ಲಿ ಹಂಗು ಇಟ್ಟುಕೊಳ್ಳುವುದೇ ಮರ್ಯಾದೆ.

ಹಾಗಾದರೆ ಕ್ಷಮೆ ಕೇಳುತ್ತೇನೆ, ಜೊತೆಗೆ ಒಂದು ಲೋಡು ಸೌದೆ ಇಳಿಸಿಬಿಡುತ್ತೇನೆ ಎಂದರು. ಬೇಡ ಎಂದೆ. ಲೋಡು ಸೌದೆ ಎಂದರೆ ಐನೂರು ರೂಪಾಯಿಯನ್ನೇ ದೊಡ್ಡದು ಮಾಡಿ ಕೊಟ್ಟಂತೆ. ಕ್ಷಮೆಯ ಭಾಷಣಕ್ಕೆ ಅರವತ್ತು ದಾಟಿದ ಆ ಹಿರಿಯರು ಏನು ಉತ್ತರ ಕೊಟ್ಟಾರು, ಮುಜುಗರಪಟ್ಟು ಒಳಗೆ ಹೋಗಿಬಿಡುತ್ತಾರೆ. ಪಂಚಾಯ್ತಿ ಸದಸ್ಯರನ್ನು ನಡುವೆ ತರುವುದಂತೂ ಸಲ್ಲ. ನೀವು ಕೊಡಲು ಹೋಗಬೇಡಿ, ಕೇಳಲು ಹೋಗಿ. ನಿಮ್ಮಿಂದ ಆಗದ, ಅವರಿಂದ ಆಗುವ ಕೆಲಸ ಏನಿದೆ?

ಇತ್ತು. ಹಿಂದಿನ ಮಳೆಗಾಲದ ಗಾಳಿಗೆ ಬಿದ್ದ ಹಲಸಿನ ಬುಡ. ಮೆಷಿನ್‌ನಲ್ಲಿ ಅಡ್ಡ ಕೊಯ್ದು ಕುಂಟೆ ಮಾಡಿದ್ದರು, ಒಡೆಯಲು ಆಗಿರಲಿಲ್ಲ. ಗಂಟು ಗಂಟು. ಕೊಡಲಿ ಕಚ್ಚಿಕೊಂಡರೆ ಬಿಡಿಸುವುದರೊಳಗೆ ರಟ್ಟೆ ಸೋಲುತ್ತಿತ್ತು. ಅದು ನಿಜವಾದ ತೊಡಕಾಗಿತ್ತು, ನಾಟಕವಲ್ಲ. ಹಾಗಿದ್ದರೆ ಮಾತ್ರ ಈ ಉಪಾಯ ಹಿಡಿಯುತ್ತದೆ. ಹಳ್ಳಿಯವರಿಗೆ ನಾಟಕ ಬೇಗ ಗೊತ್ತಾಗುತ್ತದೆ.

ಉಳಿದ ಸಲಹೆಗಳು ಸಾಮಾನ್ಯವಾದವು. ಪರೀಕ್ಷೆ ಮುಗಿಯುವ ತನಕ ಮೆಷಿನ್ ಬೆಳಿಗ್ಗೆ ಒಂಬತ್ತರ ಮೇಲೆ, ಅದೂ ಹೆಂಡತಿಯರ ಮೂಲಕ ಕೇಳಿಕೊಂಡು. ಕೊಡಲಿಯ ಕೆಲಸ ಬೇಕಾದರೆ ಮುಂಚೆ ಮಾಡಿಕೊಳ್ಳಲಿ, ಅದರ ಸದ್ದು ಯಾರಿಗೂ ಹೊಸದಲ್ಲ. ಗೆಲ್ಲು-ಸೊಪ್ಪು ತಮ್ಮದೇ ಗೊಬ್ಬರದ ಗುಂಡಿಗೆ. ಸೌದೆ ಒಟ್ಟುವುದು ಅಂಗಳದೊಳಗೆ. ಸೌದೆಯನ್ನು ಪೂರ್ತಿ ಒಣಗಿಸಿಯೇ ಉರಿಸಬೇಕು, ಮಳೆಗಾಲದಲ್ಲಿ ಹಸಿಸೌದೆಯ ಹೊಗೆ ಮೇಲೇಳದೆ ಕಣಿವೆಗೆ ಇಳಿದು ಸೀದಾ ಕೆಳಗಿನಮನೆಯ ಮಾಡಿನೊಳಗೆ ಹೊಗುತ್ತದೆ. ಬೇಲಿಗೆ ತಾಗಿದ ಮತ್ತಿ ಮರವೊಂದರ ಮೇಲೆ ಮೇಲಿನಮನೆಯವರಿಗೆ ಕಣ್ಣಿತ್ತು. ಸ್ವಂತ ಜಮೀನಿನ ಮರವೆಂದು ಗರಗಸ ಇಡುವ ಹಾಗಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಮತ್ತಿಗೆ ಇಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಡುವ ಮೊದಲು, ಕೊಂಬೆ ಯಾರ ತೋಟದ ಮೇಲೆ ಚಾಚಿದೆಯೋ ಅವರಿಗೆ ಒಂದು ಮಾತು ಹೇಳಿ ಎಂದೆ.

ಒಂದು ವಿಷಯದಲ್ಲಿ ಮಾತ್ರ ಪಟ್ಟು ಹಿಡಿದೆ. ಒಬ್ಬರೇ ಇದ್ದಾಗ ಆ ಮೆಷಿನ್ ಮುಟ್ಟಬಾರದು. ಅದರ ಸರಪಳಿ ಓಡುವ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಕುತ್ತಿಗೆ-ಮುಖದ ಕಡೆಗೆ ಜಿಗಿಯುತ್ತದೆ. 108ಕ್ಕೆ ಫೋನ್ ಮಾಡಲು ಅವರ ಅಂಗಳದಲ್ಲಿ ನೆಟ್‌ವರ್ಕ್ ಇಲ್ಲ, ಬಂದರೂ ಆಂಬುಲೆನ್ಸ್ ಗುಡ್ಡ ಹತ್ತಿ ಬರಬೇಕು. ಕೂಗಿದರೆ ಕೇಳಿಸುವ ದೂರದಲ್ಲಿರುವುದು ಆ ಒಂದೇ ಮನೆ. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿದ್ದೆಗೆ ಹೆಚ್ಚೇನೂ ಹೇಳಲಿಲ್ಲ. ಬಿಪಿ ಮಾತ್ರೆ ಮುಂದುವರಿಸಿ, ಸಂಜೆ ಮೇಲೆ ಕೆಳಗಿನಮನೆಯ ಸುದ್ದಿ ಎತ್ತಬೇಡಿ, ಎರಡು ಗಂಟೆಗೆ ಎಚ್ಚರವಾದರೆ ಹೊರಳಾಡದೆ ಎದ್ದು ಕೂತುಬಿಡಿ. ಕೈಮೀರಿದಂತೆ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಹದಿನೈದು ದಿನ ಬಿಟ್ಟು ಬಂದವರು ನಡೆದದ್ದನ್ನು ಹೇಳಿದರು. ಸಂಜೆ ಕೊಟ್ಟಿಗೆ ಕೆಲಸ ಮುಗಿಯುವ ಹೊತ್ತು ನೋಡಿ ಹೋಗಿದ್ದಾರೆ. ಜಗಲಿಯಲ್ಲಿ ಕೂರಿ ಎಂದು ಯಾರೂ ಹೇಳಲಿಲ್ಲ. ನಿಂತೇ ಕೇಳಿದರಂತೆ: "ಚಿಕ್ಕಯ್ಯ, ಆ ಹಲಸಿನ ಕುಂಟೆ ನನ್ನ ಕೈಲಿ ಒಡೆಯಕ್ಕಾಗ್ತಿಲ್ಲ. ಒಂಚೂರು ಬಂದು ತೋರಿಸ್ತೀರಾ?" ಅವರು ಹುಲ್ಲು ಹಾಕುತ್ತಲೇ, "ನಿನ್ನ ಮೆಷಿನ್ ಎಂತ ಮಾಡ್ತದೆ?" ಅಂದರು. "ಅದಕ್ಕೆ ಆಗಲ್ಲ." "ನೋಡಾಣ."

ಮೂರು ದಿನ ಬರಲಿಲ್ಲ. ಆ ಮೂರು ದಿನ ಇವರು ಪಟ್ಟ ಪಾಡನ್ನು ಅವರ ಹೆಂಡತಿ ಅಭಿನಯಿಸಿ ತೋರಿಸಿದರು, ನಾನೂ ನಕ್ಕೆ. ನಾಲ್ಕನೆಯ ದಿನ ಕೊಡಲಿ, ಎರಡು ಕಬ್ಬಿಣದ ಬೆಣೆ ತೆಗೆದುಕೊಂಡು ಬಂದರು. ಕುಂಟೆಯನ್ನು ಸುತ್ತು ಹಾಕಿ, ಬಿಸಿಲಿಗೆ ಬಾಯಿ ಬಿಟ್ಟಿದ್ದ ಬಿರುಕನ್ನು ಉಗುರಲ್ಲಿ ಗೀರಿ ತೋರಿಸಿದರು. "ನಡುವಿಗೆ ಹೊಡೀತಾ ಕೂತ್ರೆ ನಿನ್ನ ಮೊಮ್ಮಗನ ಕಾಲಕ್ಕೂ ಒಡೆಯದಿಲ್ಲ ಮಾರಾಯ. ಅಂಚಿಂದ ತೆಗಿ. ಗಂಟು ಬಂದ್ರೆ ಅದರ ಪಕ್ಕ ಹೋಗು, ಮೇಲೆ ಹೋಗ್ಬೇಡ." ಅಂಚಿನಿಂದ ಹೋಳು ಹೋಳಾಗಿ ಬಿಡಿಸಿ, ಉಳಿದ ಗಟ್ಟಿ ತಿರುಳಿಗೆ ಬಿರುಕಿನಲ್ಲಿ ಬೆಣೆ ಇಟ್ಟು ಕೊಡಲಿಯ ಹಿಂಭಾಗದಿಂದಲ್ಲ, ಸುತ್ತಿಗೆಯಿಂದಲೇ ಬಡಿಯಬೇಕೆಂದು ತಾಕೀತು ಮಾಡಿದರು. ಮಧ್ಯಾಹ್ನ ಇಲ್ಲೇ ಊಟ ಮಾಡಿದರು. ಹೋಗುವಾಗ ಒಂದು ಹೊರೆ ಸಿಬಿರು ಕೇಳಿ ತೆಗೆದುಕೊಂಡರು. ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ಎತ್ತಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಮರುವಾರ ಇವರು ಮೆಷಿನ್ ಹೊತ್ತು ಅವರ ಮನೆಯ ಒಣಗಿದ ಎರಡು ಗೇರು ಮರ ಕೊಯ್ದುಕೊಟ್ಟರು. ಪೆಟ್ರೋಲ್ ಅವರದು, ಕೈ ಇವರದು.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಹಾಲಿನ ಗಾಡಿ ತಿರುಗುವ ಜಾಗ ಯಾರ ಸರ್ವೆ ನಂಬರಿನದು ಎಂಬ ತಕರಾರು ಅಪ್ಪಂದಿರ ಕಾಲದ್ದು, ಸೌದೆಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ಆಪ್ತಸಲಹೆ ಮದ್ದಲ್ಲ, ಸರ್ವೆಯವರು ಬಂದು ಗಡಿ ಗುರುತಿಸುವ ಹದ್ದುಬಸ್ತು ಅಳತೆಯೇ ಆಗಬೇಕು. ಅರ್ಜಿ ಹಾಕಿದರೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ. ನಿಮ್ಮ ಬಾಯಿಂದ ಕೇಳುವ ಮೊದಲು ನೋಟಿಸ್ ಅವರ ಕೈ ಸೇರಿದರೆ ಮತ್ತೆ ಮೊದಲಿನ ಗತಿಯೇ, ಆದ್ದರಿಂದ ಮೊದಲು ಹೇಳಿ, ಸಾಧ್ಯವಾದರೆ ಇಬ್ಬರೂ ಸೇರಿಯೇ ಅರ್ಜಿ ಹಾಕಿ ಎಂದಿದ್ದೇನೆ. ಇವರು ಮಾತು ತೆಗೆದಿದ್ದಾರೆ. ಅಡಿಕೆ ಕೊಯ್ಲು ಮುಗೀಲಿ, ಆಮೇಲೆ ನೋಡಾಣ ಅಂದಿದ್ದಾರಂತೆ ಚಿಕ್ಕಯ್ಯ.