ಓದುಗರ ಪ್ರಶ್ನೆ: ಒಳಗಿನ ಬ್ರೇಕ್ ಪ್ಯಾಡ್ ನೋಡಿದ್ದೀರಾ?

ಪ್ರಶ್ನೆ: ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಕೀಚ್ ಎನ್ನುತ್ತದೆ. ಸಂದಿಯಿಂದ ನೋಡಿದರೆ ಪ್ಯಾಡ್ ದಪ್ಪಗೇ ಇದೆ. ಬದಲಿಸಬೇಕೇ?

ಉತ್ತರ: ಸಂದಿಯಿಂದ ಕಾಣುವುದು ಹೊರಗಿನ ಪ್ಯಾಡ್. ಮೋಸ ಮಾಡುವುದು ಪ್ಯಾಡನ್ನು ತಳ್ಳುವ ಪಿಸ್ಟನ್ ಕಡೆಯ ಒಳಗಿನದು. ಚಕ್ರ ಬಿಚ್ಚಿಯೇ ನೋಡಿ. ಹೊಸದರಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ; 3 ಮಿ.ಮೀ.ಗೆ ಇಳಿದರೆ ಬದಲಿಸಿ. ಅಳೆಯುವಾಗ ಹಿಂಬದಿಯ ಉಕ್ಕಿನ ತಗಡನ್ನು ಸೇರಿಸಬೇಡಿ, ಬಹಳ ಜನ ಎಡವುವುದು ಇಲ್ಲೇ. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಪುಟ್ಟ ಉಕ್ಕಿನ ನಾಲಿಗೆ ಇರುತ್ತದೆ, ಪದರ ಸವೆದಾಗ ಅದು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗಿ ಕೀಚಲು ದನಿ ಹೊರಡಿಸುತ್ತದೆ. ಗರಗರ ಎಂದರೆ ತಗಡೇ ಡಿಸ್ಕನ್ನು ಕೆರೆಯುತ್ತಿದೆ ಎಂದರ್ಥ. ಆಮೇಲೆ ಗಾಡಿ ಓಡಿಸಬೇಡಿ. ತೇವದ ರಾತ್ರಿ ಕಳೆದ ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗಷ್ಟೇ ಬರುವ ಸದ್ದು ಬರೀ ತುಕ್ಕಿನದು.

ಪ್ರಶ್ನೆ: ಬಿಚ್ಚಿ ನೋಡಿದೆ. ಒಳಗಿನದು 2 ಮಿ.ಮೀ., ಹೊರಗಿನದು 7. ಹೊಸ ಸೆಟ್ ಹಾಕಿದರೆ ಸಾಕೇ?

ಉತ್ತರ: ಸಾಲದು. ಕಾರಣ ಹಾಗೇ ಉಳಿದರೆ ಹೊಸದೂ ಹೀಗೇ ಸವೆಯುತ್ತದೆ. ನಿಮ್ಮದು ಒಂದೇ ಬದಿಗೆ ಪಿಸ್ಟನ್ ಇರುವ, ಜಾರುವ ಕ್ಯಾಲಿಪರ್ (ಎರಡೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ) ಇರಬೇಕು. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ, ಆ ಒತ್ತಡಕ್ಕೆ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ ಹೊರಗಿನದನ್ನು ಎಳೆದುಕೊಳ್ಳಬೇಕು. ಪಿನ್ ಬಿಗಿದುಕೊಂಡರೆ ಕೆಲಸವೆಲ್ಲ ಒಳಗಿನದರ ತಲೆಗೆ. ಎರಡೂ ಪಿನ್ ಎಳೆದು ತೆಗೆಯಿರಿ. ಹಳೆ ಗ್ರೀಸ್ ಕಂದು ಅಂಟಾಗಿರುತ್ತದೆ, ರಬ್ಬರ್ ಕವಚ ಹರಿದಿದ್ದರೆ ತುಕ್ಕೂ ಇರುತ್ತದೆ. ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಗುಂಡಿ ಬಿದ್ದ ಪಿನ್ ಎಸೆಯಿರಿ. ಎರಡು ಪಿನ್‌ಗಳು ಬೇರೆ ಬೇರೆ ಆಕಾರದವಾಗಿದ್ದರೆ ಅದಲು ಬದಲಾಗದಿರಲಿ.

ಪ್ರಶ್ನೆ: ಮನೆಯಲ್ಲೇ ಪ್ಯಾಡ್ ಬದಲಿಸುವ ಕ್ರಮ ತಿಳಿಸಿ.

ಉತ್ತರ: ಸಮತಟ್ಟು ನೆಲ, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ. ಗಾಡಿ ಎತ್ತುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಜಾಕ್ ಬರೀ ಎತ್ತಲಿಕ್ಕೆ. ಭಾರ ಸ್ಟ್ಯಾಂಡಿನ ಮೇಲಿರಲಿ. ಹಲವು ಕಾರುಗಳಲ್ಲಿ ಕೆಳಗಿನ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಿದರೆ ತಂತಿಯಿಂದ ಕಟ್ಟಿ, ಬ್ರೇಕ್ ಆಯಿಲ್ ಹೋಸಿಗೆ ಜೋತುಬಿಡಬೇಡಿ. ಈ ಹೊತ್ತಿನಲ್ಲಿ ಯಾರೂ ಪೆಡಲ್ ತುಳಿಯಬಾರದು, ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಪಿಸ್ಟನ್ ಮೇಲೆ ಹಳೆ ಪ್ಯಾಡ್ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತಿ. ಆಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೇರುತ್ತದೆ. ಮ್ಯಾಕ್ಸ್ ಗೆರೆ ದಾಟುವಂತಿದ್ದರೆ ಸಿರಿಂಜಿನಿಂದ ಸ್ವಲ್ಪ ತೆಗೆಯಿರಿ, ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ. ಹಿಂದಿನ ಕೆಲವು ಪಿಸ್ಟನ್‌ಗಳನ್ನು ತಿರುಗಿಸುತ್ತಾ ಒತ್ತಬೇಕು. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡಿಗೆ (ಮೋಟಾರ್ ಪಿಸ್ಟನ್ನನ್ನು ಬಿಟ್ಟು ಹಿಂದೆ ಸರಿಯುವ ಸ್ಥಿತಿಗೆ) ಹಾಕಿ, ಇಲ್ಲವಾದರೆ ಮೋಟಾರ್ ಮುರಿದೀತು. ಡಿಸ್ಕಿನ ದಪ್ಪವನ್ನೂ ಅಳೆಯಿರಿ. ಕನಿಷ್ಠ ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತಾರೆ. ಧೂಳನ್ನು ಊದಬೇಡಿ, ಬ್ರೇಕ್ ಕ್ಲೀನರ್ ಬಳಸಿ. ಬೋಲ್ಟ್ ಬಿಗಿತ ಕೈಪಿಡಿಯಲ್ಲಿ ಹೇಳಿದಷ್ಟೇ. ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿದ ಮೇಲೆ ಪೆಡಲ್ ನೆಲಕ್ಕೇ ಹೋಯಿತು!

ಉತ್ತರ: ಪಿಸ್ಟನ್ ಇನ್ನೂ ಪ್ಯಾಡಿಗೆ ತಾಗಿಲ್ಲ, ಅಷ್ಟೇ. ಗಾಡಿ ಕದಲಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಆಯಿಲ್ ಮಟ್ಟ ನೋಡಿ. ಆಮೇಲೂ ಮೆತ್ತಗಿದ್ದರೆ ಗಾಳಿ ಸೇರಿದೆ, ಬ್ಲೀಡ್ ಮಾಡದೆ, ಅಂದರೆ ಆ ಗಾಳಿಯನ್ನು ಹೊರಹಾಕದೆ, ಹೊರಡಬೇಡಿ. ಗಟ್ಟಿಯಾದರೆ, ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಡುವೆ ಅರ್ಧ ನಿಮಿಷ ತಣಿಯಲು ಬಿಡಿ.