ಪ್ರೇರಿಯಲ್ಲಿ ನೋಡೋದಕ್ಕೇನಿದೆ, ಟೀಚರ್?

ಪ್ರೇರಿ, ಪಂಪಾಸ್, ಸ್ಟೆಪ್ಸ್, ವೆಲ್ಡ್, ಡೌನ್ಸ್. ಗದಗಿನ ಹೈಸ್ಕೂಲಿನಲ್ಲಿ 28 ವರ್ಷ ಮಕ್ಕಳಿಗೆ ಈ ಐದು ಹುಲ್ಲುಗಾವಲುಗಳ ಹೆಸರು ಬಾಯಿಪಾಠ ಮಾಡಿಸಿದೆ. ಒಂದನ್ನಾದರೂ ಕಣ್ಣಾರೆ ಕಂಡದ್ದು ನಿವೃತ್ತಿಯಾದ ಮೇಲೆ. ಮಗ ಕೆನಡಾದ ಪ್ರೇರಿ ಸೀಮೆಯ ಸಸ್ಕಟೂನ್‌ ಅನ್ನುವ ಊರಿನಲ್ಲಿ ಕೆಲಸಕ್ಕೆ ಸೇರಿದ. ಎರಡು ಸಲ ಹೋಗಿ ಬಂದೆ, ಎರಡೂ ಸಲ ಸೆಪ್ಟೆಂಬರ್‌ನಲ್ಲೇ. ಹೋದ ಸಂಚಿಕೆಯಲ್ಲಿ ಇದನ್ನು ಸುಮ್ನೆ ಒಂದು ಮಾತಿನಲ್ಲಿ ಹೇಳಿದ್ದೆ ಅಷ್ಟೆ. ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ!

ಪ್ರಶ್ನೆ: ನಮ್ಮ ಮಗಳೂ ಸಸ್ಕಟೂನ್‌ನಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಗೆ ಬನ್ನಿ ಅನ್ನುತ್ತಾಳೆ. ಟೊರಾಂಟೊದಲ್ಲಿರುವ ನಮ್ಮ ಭಾವ "ಅಲ್ಲೇನಿದೆ, ಬರೀ ಬಯಲು" ಅನ್ನುತ್ತಾರೆ. ಅಷ್ಟು ದುಡ್ಡು ಹಾಕಿ ಹೋಗಬಹುದಾ? ಕೆಂಪು ಮೇಪಲ್ ಎಲೆ ನೋಡಲು ಸಿಗುತ್ತಾ? – ದಂಪತಿ, ಮೈಸೂರು

ಕ್ಯಾಲೆಂಡರಿನಲ್ಲಿ ನೋಡುವ ಆ ಕೆಂಪು ಕಾಡು ಒಂಟಾರಿಯೊ, ಕ್ವಿಬೆಕ್ ಕಡೆಯದು. ನಿಮ್ಮ ಭಾವನವರ ಊರಿನ ಕಡೆಯದು ಅನ್ನಿ. ಸಸ್ಕಟೂನ್‌ನದು ಹಳದಿ. ಅಲ್ಲಿ ಆಸ್ಪೆನ್ ಅನ್ನುವ ಮರ ಜಾಸ್ತಿ. ಅದರ ಎಲೆಯ ತೊಟ್ಟು ಚಪ್ಪಟೆ, ಹಾಗಾಗಿ ಚೂರು ಗಾಳಿ ಬಂದರೂ ಮರಕ್ಕೆ ಮರವೇ ಪಟಪಟ ನಡುಗುತ್ತದೆ. ನಮ್ಮ ಅರಳಿ ಮರದ ಹಾಗೇ. ಅರಳಿ ಎಲೆಯೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿ, ಮೇಲೆ ಸಂಜೆ ಬಿಸಿಲು ಬಿದ್ದರೆ ಹೇಗಿರುತ್ತೆ ಅಂತ ನೆನೆಸಿಕೊಳ್ಳಿ.

ಭಾವ ಹೇಳಿದ್ದು ಸುಳ್ಳಲ್ಲ, ಬಯಲೇ. ನಾನು ಎರೆ ಸೀಮೆಯವಳು. ನರಗುಂದ, ರೋಣದ ಕಡೆ ಹೊಲದ ನಡುವೆ ನಿಂತು ನಾಲ್ಕೂ ದಿಕ್ಕಿಗೆ ಏನೂ ಅಡ್ಡ ಇಲ್ಲದೆ ನೋಡಿದವಳು. ಆದರೂ ಅಲ್ಲಿ ಮೊದಲ ದಿನ ಕಾರಿನಿಂದ ಇಳಿದಾಗ ತಲೆ ಒಂದು ಸುತ್ತು ತಿರುಗಿತು. ಎಡಗಡೆ ದೂರದಲ್ಲಿ ಮಳೆ ಪರದೆ ಬಿಟ್ಟ ಹಾಗೆ ಸುರಿಯುತ್ತಿದೆ, ಬಲಗಡೆ ಹೊತ್ತು ಮುಳುಗುತ್ತಿದೆ, ನಾವು ನಿಂತಲ್ಲಿ ಒಣಗಿದ ನೆಲ. ಮೂರು ಹವಾಮಾನ ಒಂದೇ ನೋಟಕ್ಕೆ! ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆದು "ಇದೇ ಪ್ರೇರಿ" ಅನ್ನುತ್ತಿದ್ದೆ. ಗೆರೆಯ ಮೇಲಿನ ಜಾಗ ಖಾಲಿ ಬಿಡುತ್ತಿದ್ದೆ. ನೋಡಬೇಕಾದದ್ದು ಅಲ್ಲೇ ಇತ್ತು.

ಊರಿನ ನಡುವೆ ಸೌತ್ ಸಸ್ಕಾಚೆವಾನ್ ನದಿ. ಎರಡೂ ದಡದಲ್ಲಿ ಮೀವಾಸಿನ್ ಅನ್ನುವ ಕಾಲುದಾರಿ ಉದ್ದಕ್ಕೂ ಹೋಗುತ್ತದೆ, ಮಂಡಿ ನೋವಿದ್ದವರೂ ನಡೆಯಬಹುದು. ನದಿ ದಂಡೆಯಲ್ಲಿ ಕೋಟೆಯ ಹಾಗೆ ಕಾಣುವುದು ಬೆಸ್‌ಬರೋ ಹೋಟೆಲ್, ರೈಲ್ವೆಯವರು ಕಟ್ಟಿಸಿದ್ದು, 1935ರದು. ಬ್ರಾಡ್‌ವೇ ಸೇತುವೆ 1932ರದು. ಆ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಇಲ್ಲದವರಿಗೆ ಕೆಲಸ ಕೊಡಲು ಕಟ್ಟಿಸಿದ್ದಂತೆ. ನಮ್ಮಲ್ಲಿ ಬರಗಾಲದಲ್ಲಿ ಕೆರೆ ತೋಡಿಸುತ್ತಿದ್ದರಲ್ಲ, ಹಾಗೆ. ರಿಮಾಯ್ ಮಾಡರ್ನ್ ಅನ್ನುವ ಕಲಾ ಸಂಗ್ರಹಾಲಯದ ಬಳಿ ಪಿಕಾಸೊ ಮಾಡಿದ 400ಕ್ಕೂ ಹೆಚ್ಚು ಲಿನೋ ಅಚ್ಚುಚಿತ್ರಗಳಿವೆ, ಅಂದರೆ ಲಿನೋಲಿಯಂ ಹಾಳೆ ಕೆತ್ತಿ ಬಣ್ಣ ಹಚ್ಚಿ ಒತ್ತಿದ ಚಿತ್ರಗಳು. ಮಳೆ ಬಂತೆಂದು ಒಳಗೆ ಹೋದೆ. ನನಗೆ ಅರ್ಧ ಅರ್ಥವಾಯಿತು, ಸುಳ್ಳು ಯಾಕೆ ಹೇಳಲಿ.

ನದಿಗೆ ಕಟ್ಟಿದ ಒಡ್ಡಿನ ಹತ್ತಿರ ಬೆಳಿಗ್ಗೆ ಹೋಗಿ. ಬಿಳಿ ಹೆಜ್ಜಾರ್ಲೆಗಳು ಮೀನಿಗಾಗಿ ಕಾಯುತ್ತಿರುತ್ತವೆ. ಕೊಕ್ಕರೆಬೆಳ್ಳೂರಿನವುಗಳಿಗಿಂತ ದೊಡ್ಡವು. ಸೆಪ್ಟೆಂಬರ್ ಕೊನೆಯಾದರೆ ಅವು ದಕ್ಷಿಣಕ್ಕೆ ಹೊರಟಿರಬಹುದು, ಆದಷ್ಟು ಮುಂಚಿನ ದಿನಕ್ಕೇ ಟಿಕೆಟ್ ಮಾಡಿಸಿ.

ಇನ್ನೊಂದು ಜಾಗ ಮಾತ್ರ ತಪ್ಪಿಸಬೇಡಿ. ಊರಾಚೆ ಉತ್ತರಕ್ಕೆ ವಾನುಸ್ಕೇವಿನ್. ಅಲ್ಲಿನ ಮೂಲ ಜನ ಆರು ಸಾವಿರ ವರ್ಷಕ್ಕೂ ಹಿಂದಿನಿಂದ ಬಂದು ತಂಗುತ್ತಿದ್ದ ಹಳ್ಳದ ಕಣಿವೆ. 2019ರಲ್ಲಿ ಅಲ್ಲಿಗೆ ಬೈಸನ್ ಹಿಂಡನ್ನು ಮತ್ತೆ ತಂದು ಬಿಟ್ಟರು. ಬೈಸನ್ ಅಂದರೆ ನಮ್ಮ ಕಾಟಿ ಅಲ್ಲ, ಭುಜದ ಮೇಲೆ ಕಂಬಳಿ ಹೊದ್ದ ಹಾಗೆ ಕೂದಲಿರುತ್ತದೆ. ಮೈ ಕೆರೆದಾಗ ಮಣ್ಣಲ್ಲಿ ಹೊರಳುವುದು ಅದರ ಚಾಳಿ. ಹಾಗೆ ಹೊರಳಿ ಹೊರಳಿ ಮಣ್ಣು ಸರಿದ ಜಾಗದಲ್ಲಿ 2020ರಲ್ಲಿ ಹಳೇ ಕಾಲದ ಕೆತ್ತನೆಯ ಬಂಡೆ ಎದ್ದು ಕಂಡಿತು. ಎಷ್ಟೋ ವರ್ಷ ಅಗೆದ ವಿದ್ವಾಂಸರಿಗೆ ಸಿಗದ್ದನ್ನು ಎಮ್ಮೆಯ ಜಾತಿಯೊಂದು ಬೆನ್ನುಜ್ಜಿ ತೋರಿಸಿತು! ಇದನ್ನು ಕೇಳಿದ ದಿನ ನಾನು ಮಗನ ಮುಂದೆ ಮೂರು ಸಲ ಹೇಳಿದೆ.

ಪ್ರಶ್ನೆ: ಚಳಿ ಎಷ್ಟಿರುತ್ತೆ? ಸೀರೆ ಉಡಬಹುದಾ ಅಕ್ಕಾ? – ಗೃಹಿಣಿ, ಶಿವಮೊಗ್ಗ

ಉಡಬಹುದು ತಂಗಿ, ನಾನು ಉಟ್ಟೆ. ಒಳಗೆ ಉಲ್ಲನ್ ಲೆಗ್ಗಿಂಗ್, ಕಾಲಿಗೆ ಸಾಕ್ಸು, ಶೂ. ಮಧ್ಯಾಹ್ನ 18-20 ಡಿಗ್ರಿ, ಬಿಸಿಲಿದ್ದರೆ ಹಿತವಾಗಿರುತ್ತದೆ. ರಾತ್ರಿ ಐದರ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಸೊನ್ನೆಗೂ. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗಿರುತ್ತದೆ. ಚಳಿಗಿಂತ ಗಾಳಿ ಕಾಟ. ಕಿವಿ ಮುಚ್ಚುವ ಟೋಪಿ ಇರಲಿ.

ಸ್ವೆಟರ್ ಮಾತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ದಾರಿಯಲ್ಲಿ ವಿಮಾನ ಬದಲಿಸಲೇಬೇಕು. ಮೊದಲ ಸಲ ನನ್ನ ಪೆಟ್ಟಿಗೆ ಎಲ್ಲೋ ಉಳಿದು ಎರಡು ದಿನ ತಡವಾಗಿ ಬಂತು. ಆ ಎರಡು ದಿನ ಮಗನ ಜಾಕೀಟು ಹಾಕಿಕೊಂಡು ಓಡಾಡಿದೆ. ತೋಳು ಮಂಡಿವರೆಗೆ ಬರುತ್ತಿತ್ತು.

ಪ್ರಶ್ನೆ: ಕೆನಡಾದಿಂದ ನಮ್ಮ ದೇಶಕ್ಕೆ ಬೇಳೆ ಬರುತ್ತೆ ಅಂತ ಓದಿದೆ. ಅಲ್ಲಿ ತೊಗರಿ ಬೆಳೆಯುತ್ತಾರಾ? – ರೈತ, ರೋಣ

ತೊಗರಿ ಇಲ್ಲ ಅಣ್ಣಾರೆ, ಆ ಚಳಿಗೆ ಅದು ನಿಲ್ಲಲ್ಲ. ಅಲ್ಲಿಂದ ಬರುವುದು ಚೆನ್ನಂಗಿ ಬೇಳೆ, ಅಂದರೆ ಮಸೂರ, ಜೊತೆಗೆ ಒಣ ಬಟಾಣಿ. ಜಗತ್ತಿನಲ್ಲಿ ಮಸೂರವನ್ನು ಹೊರದೇಶಕ್ಕೆ ಅತಿ ಹೆಚ್ಚು ಮಾರುವುದು ಕೆನಡಾ, ಅದರಲ್ಲಿ ಬಹುಪಾಲು ಸಸ್ಕಟೂನ್ ಇರುವ ಸಸ್ಕಾಚೆವಾನ್ ಪ್ರಾಂತ್ಯದ್ದೇ. "ಪ್ರೇರಿ ಅಂದರೆ ಗೋಧಿಯ ಕಣಜ" ಅಂತ ಮಕ್ಕಳ ಕೈಲಿ ಬರೆಸಿದವಳು ನಾನು. ಗೋಧಿ ಈಗಲೂ ಇದೆ, ಆದರೆ ನನ್ನ ಪಾಠ ಹಳೆಯದಾಗಿತ್ತು ಅಂತ ಹೊಲ ನೋಡಿದ ಮೇಲೆ ಗೊತ್ತಾಯಿತು.

ಇದರ ಹಿಂದೆ ಆಲ್ ಸ್ಲಿಂಕಾರ್ಡ್ ಅನ್ನುವ ವಿಜ್ಞಾನಿ ಇದ್ದಾರೆ. ಅಲ್ಲಿನ ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿದ್ದು, ಆ ನೆಲಕ್ಕೆ ಒಗ್ಗುವ ಲೇರ್ಡ್ ಅನ್ನುವ ಮಸೂರ ತಳಿಯನ್ನು 1978ರಲ್ಲಿ ರೈತರಿಗೆ ಕೊಟ್ಟರು. ಬೇಳೆ ಬೆಳೆದರೆ ಭೂಮಿಗೆ ಸಾರಜನಕವೂ ಸಿಗುತ್ತದೆ, ಅದು ನಿಮಗೆ ನಾನು ಹೇಳಬೇಕಾ? ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ ತಿಂಗಳಲ್ಲಿ ಬಿತ್ತಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ರಾಶಿ. ಹಿಮ ಬೀಳುವ ಮೊದಲು ಮುಗಿಸಬೇಕೆಂದು ರಾತ್ರಿಯೆಲ್ಲ ದೀಪ ಹಾಕಿಕೊಂಡು ಕಟಾವು ಯಂತ್ರ ಓಡಿಸುತ್ತಾರೆ. ದೂರದಿಂದ ನೋಡಿದರೆ ಕತ್ತಲಲ್ಲಿ ತೇರು ಎಳೆದ ಹಾಗೆ. ಗಾಳಿಯಲ್ಲಿ ನಮ್ಮ ಕಣದ ದೂಳಿನದೇ ವಾಸನೆ!

ಜಮೀನು ಎಷ್ಟೆಷ್ಟು ಅಂತ ಮುಂದಿನ ಕಾಗದದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 1872ರ ಕಾಯ್ದೆಯಲ್ಲಿ ಹತ್ತು ಡಾಲರ್ ಶುಲ್ಕ ಕಟ್ಟಿದವರಿಗೆ 160 ಎಕರೆ ಕೊಟ್ಟರು. ಬಂದು ನೆಲೆಸಿ ಉಳುಮೆ ಮಾಡಬೇಕೆಂಬ ಷರತ್ತಿತ್ತು. ಇವತ್ತು ಒಂದೊಂದು ಮನೆಯವರು ಅದರ ಎಷ್ಟೋ ಪಟ್ಟು ನೆಲ ಮಾಡುತ್ತಾರೆ. ಅದು ಯಾರೂ ಇಲ್ಲದ ಭೂಮಿಯಾಗಿರಲಿಲ್ಲ ಅನ್ನುವುದನ್ನೂ ನೆನಪಿಡಿ. ಮೂಲ ಜನರೊಂದಿಗೆ 1876ರಲ್ಲಿ ಆರನೇ ಒಪ್ಪಂದ ಮಾಡಿಕೊಂಡು ಪಡೆದದ್ದು. ಆ ಒಪ್ಪಂದದ ಮಾತು ಎಷ್ಟು ಉಳಿಯಿತು ಎಂಬ ಜಗಳ ಇನ್ನೂ ಇದೆ.

ಕೊನೆಗೆ ನನ್ನ ಪೆದ್ದುತನ. ಮಗನಿಗೆಂದು ಒಂದು ಕಿಲೋ ಅಗಸಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನಿನ ವಿವರ ಕೊಡಲೇಬೇಕು, ಕೊಟ್ಟೆ. ಏನಿದು ಅಂದರು, ಅಗಸೆ ಅಂದೆ. ಆ ಅಧಿಕಾರಿ ನಕ್ಕು ಬಿಟ್ಟುಕೊಟ್ಟರು. ಯಾಕೆ ನಕ್ಕರು ಅಂತ ವಾರದ ಮೇಲೆ ಹೊಲದ ಕಡೆ ಹೋದಾಗ ತಿಳಿಯಿತು. ಕೆನಡಾದಲ್ಲಿ ಅಗಸೆ ಅತಿ ಹೆಚ್ಚು ಬೆಳೆಯುವುದು ಆ ಪ್ರಾಂತ್ಯದಲ್ಲೇ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಊಟ? – ನಿವೃತ್ತ ಗುಮಾಸ್ತ, ಉಡುಪಿ

ಮನೆಯಲ್ಲಿ ಅಡುಗೆ ಮಾಡಿಕೊಂಡರೆ ಚಿಂತೆಯಿಲ್ಲ, ಭಾರತೀಯ ಅಂಗಡಿಗಳಿವೆ. ಹೊರಗೆ ತಿನ್ನುವುದಾದರೆ ಪಿರೋಗಿ ರುಚಿ ನೋಡಿ. ಉಕ್ರೇನಿನಿಂದ ಬಂದು ನೆಲೆಸಿದವರ ತಿಂಡಿ. ಆಲೂಗಡ್ಡೆ, ಚೀಸ್ ತುಂಬಿದ ಕಡುಬು ಅನ್ನಬಹುದು. ಮೇಲೆ ಹಂದಿ ಮಾಂಸದ ಚೂರು ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಊರಿಗೆ ಹೆಸರು ಬಂದದ್ದೇ ಸಸ್ಕಟೂನ್ ಅನ್ನುವ ನೇರಳೆ ಬಣ್ಣದ ಕಾಡು ಹಣ್ಣಿನಿಂದ. ಹಣ್ಣಿನ ಕಾಲ ಜುಲೈಗೇ ಮುಗಿದಿರುತ್ತದೆ, ಜಾಮ್ ಸಿಗುತ್ತದೆ. ಅದರ ಪೈ ತಿನ್ನುವ ಮುಂಚೆ ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದಾರಾ ಕೇಳಿಕೊಳ್ಳಿ.

ಪ್ರಶ್ನೆ: ಉತ್ತರ ಧ್ರುವದ ಬಣ್ಣದ ಬೆಳಕು ಕಾಣುತ್ತಾ? – ವಿದ್ಯಾರ್ಥಿ, ಹಾಸನ

ಕಂಡರೆ ಕಂಡಿತು ತಮ್ಮಾ. ಊರ ದೀಪ ಬಿಟ್ಟು ದೂರ ಹೋಗಬೇಕು, ಮೋಡ ಇರಬಾರದು, ಸೂರ್ಯನ ಕಡೆಯಿಂದ ಬರುವ ಕಣಗಳ ಹೊಡೆತವೂ ಜೋರಿರಬೇಕು. ನಾನು ನಾಲ್ಕು ರಾತ್ರಿ ಕಾದು ಒಂದೇ ಸಲ ನೋಡಿದೆ, ಹತ್ತು ನಿಮಿಷ, ತಿಳಿ ಹಸಿರು. ಅದಕ್ಕಿಂತ ಖಾತ್ರಿಯಾಗಿ ಸಿಗುವುದು ಹಕ್ಕಿ. ಎರಡು ಗಂಟೆ ದಾರಿಯಲ್ಲಿ ಲಾಸ್ಟ್ ಮೌಂಟನ್ ಲೇಕ್ ಇದೆ. ಅಲ್ಲಿನ ಪಕ್ಷಿಧಾಮ 1887ರದು, ಉತ್ತರ ಅಮೆರಿಕದಲ್ಲೇ ಮೊದಲನೆಯದು. ಬೆಳಗಿನ ಜಾವ ಕೊಕ್ಕರೆಯಂಥ ಸ್ಯಾಂಡ್‌ಹಿಲ್ ಕ್ರೇನ್‌ಗಳು ಸಾವಿರಗಟ್ಟಲೆ ಒಟ್ಟಿಗೆ ಏಳುತ್ತವೆ. ನಮ್ಮ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ಎದ್ದ ಸದ್ದನ್ನು ಹತ್ತರಿಂದ ಗುಣಿಸು.

ಪ್ರಶ್ನೆ: ಅಲ್ಲಿಂದ ಮನೆಗೆ ಫೋನ್ ಮಾಡುವುದಕ್ಕೆ ಯಾವ ಹೊತ್ತು ಸರಿ? – ಓದುಗರು, ಹುಬ್ಬಳ್ಳಿ

ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಕೆನಡಾದ ಬಹಳಷ್ಟು ಊರುಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ, ಸಸ್ಕಟೂನ್‌ನವರು ತಿರುಗಿಸುವುದಿಲ್ಲ, ಲೆಕ್ಕ ಸುಲಭ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಬೆಳಿಗ್ಗೆ ಏಳೂವರೆ. ನಮ್ಮತ್ತೆ ಹಾಲು ಒಲೆಯ ಮೇಲಿಟ್ಟು ಫೋನ್ ಎತ್ತುತ್ತಿದ್ದರು. ಎರಡು ಸಲ ಉಕ್ಕಿತು.