ಬ್ರೇಕ್ ಆಯಿಲ್ ಡಬ್ಬಿ ಸ್ಕ್ರೂ ಬರ್ತಿಲ್ಲ ಅಂದ್ರೆ

ಬೈಕಿನ ಮುಂದಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಸ್ಕ್ರೂ ಸವೆದೋಗಿದೆ, ಬಿಚ್ಚೋಕೇ ಆಗ್ತಿಲ್ಲ ಅಂದ್ರಲ್ಲ, ಮೊದ್ಲು ಆ ಫಿಲಿಪ್ಸ್ (ಮಾಮೂಲಿ ಪ್ಲಸ್) ಸ್ಕ್ರೂಡ್ರೈವರ್ ಪಕ್ಕಕ್ಕಿಡಿ ಸರ್. ಜಪಾನಿ ಬೈಕಲ್ಲಿ ಅಲ್ಲಿರೋದು ಹೆಚ್ಚಾಗಿ ಜೆಐಎಸ್ (ಜಪಾನಿ ಸ್ಟ್ಯಾಂಡರ್ಡ್) ಸ್ಕ್ರೂ, ನೋಡೋಕೆ ಒಂದೇ ಥರ, ಆದ್ರೆ ಫಿಲಿಪ್ಸ್ ಅದ್ರಲ್ಲಿ ಪೂರ್ತಿ ಕೂರಲ್ಲ, ತಿರುಗಿಸಿದಂಗೆಲ್ಲ ಮೇಲೆದ್ದು ತಲೆ ತಿಂದಾಕತ್ತೆ. ಜೆಐಎಸ್ ಬಿಟ್ ಕೂರಿಸಿ, ಸುತ್ತಿಗೇಲಿ ಮೇಲಿಂದ ಮೆತ್ತಗೆ ತಟ್ಟಿ, ಆಮೇಲೆ ಜೋರಾಗಿ ಒತ್ಕೊಂಡೇ ತಿರುಗಿಸಿ, ಟಕ್ ಅಂದ್ರೆ ಬಿಡ್ತು ಅಂತ. ಅದಕ್ಕೂ ಜಗ್ಗಲಿಲ್ವಾ, ತಲೆ ಮಾತ್ರ ಡ್ರಿಲ್ ಮಾಡಿ ಹಾರಿಸಿ, ಪುಡಿಯೆಲ್ಲ ಒರೆಸಿ ಮುಚ್ಚಳ ತೆಗೆದ್ರೆ ಉಳಿದ ತುಂಡು ಮೇಲೆ ನಿಂತಿರತ್ತೆ, ಲಾಕಿಂಗ್ ಪ್ಲೈಯರಲ್ಲಿ ಹಿಡಿದು ತಿರುಗಿಸಿದ್ರೆ ಆಯ್ತು. ಟ್ಯಾಂಕ್ ಮೇಲೆ ಬಟ್ಟೆ ಹಾಕಿರಿ, ಡಾಟ್ 4 ಬ್ರೇಕ್ ಆಯಿಲ್ ಬಿದ್ರೆ ಪೇಂಟ್ ಹೋಗತ್ತೆ. ಹೊಸ ಸ್ಕ್ರೂನ ಜಾಸ್ತಿ ಬಿಗಿಯೋಕೆ ಹೋಗ್ಬೇಡಿ, ಕೆಳಗಿರೋದು ಅಲ್ಯುಮಿನಿಯಂ, ಥ್ರೆಡ್ ಕಿತ್ಕೊಂಡ್ ಬರತ್ತೆ.